ಶಬ್ದ ಯಾವಾಗ ಬರೋದಿಲ್ಲ?

"ಶಬ್ದ ಯಾವಾಗ ಬರೋದಿಲ್ಲ, ಅದನ್ನ ಹೇಳಿ ಸರ್."

ಕಾರಿನ ಎಂಜಿನ್ ಸದ್ದು ಮಾಡುತ್ತಿದೆ ಅಂತ ಹೋದಾಗ, ಸೋಮವಾರ ಒಬ್ಬ ಹಿರಿಯ ಮೆಕ್ಯಾನಿಕ್ ಕೇಳಿದ ಈ ಪ್ರಶ್ನೆ ವಾರವಿಡೀ ತಲೆಯಲ್ಲಿ ಸುತ್ತುತ್ತಿದೆ. ಯಾವಾಗ ಬರುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಅದಕ್ಕೆ ಉತ್ತರ ರೆಡಿ ಇತ್ತು. ಇದಕ್ಕೆ ಇರಲಿಲ್ಲ.

ಅದಕ್ಕೂ ಎರಡು ದಿನ ಮೊದಲು ಬೇರೆ ಗ್ಯಾರೇಜಿಗೆ ಹೋಗಿದ್ದೆ. ಇಳಿಯುತ್ತಲೇ "ಟ್ಯಾಪೆಟ್ ಸೌಂಡ್ ಬರ್ತಿದೆ, ಟಕ್ ಟಕ್ ಅಂತ" ಎಂದೆ. ಟ್ಯಾಪೆಟ್ ಅಂದರೆ ಎಂಜಿನ್ನಿನ ವಾಲ್ವನ್ನು, ಅಂದರೆ ಗಾಳಿ-ಹೊಗೆ ಓಡಾಡುವ ಬಾಗಿಲನ್ನು, ತಳ್ಳಿ ತೆರೆಯುವ ಭಾಗ. ಅಲ್ಲಿದ್ದ ಹುಡುಗ ಬಾನೆಟ್ ಎತ್ತಿ ಎರಡು ಸಲ ರೇಸ್ ಮಾಡಿದ. ಆಗ ಶಬ್ದವೇ ಇರಲಿಲ್ಲ. ಆದರೂ "ಹೌದು ಸರ್, ಟ್ಯಾಪೆಟ್ಟೇ. ಹೆಡ್ ಬಿಚ್ಚಬೇಕು" ಎಂದ. ಹೆಡ್ ಅಂದರೆ ಎಂಜಿನ್ನಿನ ಮೇಲ್ಭಾಗ, ಬಿಚ್ಚುವುದು ದೊಡ್ಡ ಕೆಲಸ. ಹುಡುಗ ಕೆಟ್ಟವನೇನಲ್ಲ, ಕೈಕೆಲಸ ಚುರುಕು. ಆದರೆ ಕಿವಿಗೇ ಬೀಳದ ಶಬ್ದಕ್ಕೆ ಹೆಡ್ ಬಿಚ್ಚಲು ಹೊರಡುವುದು ತಪ್ಪು. ರೋಗದ ಹೆಸರು ಮೊದಲು ಹೇಳಿದ್ದು ನಾನೇ, ಅದೂ ನಿಜ.

ಈ ಹಿರಿಯರು ಹೆಸರನ್ನೇ ಕೇಳಲಿಲ್ಲ. "ಕಾರು ರಾತ್ರಿ ಇಲ್ಲೇ ಇರ್ಲಿ. ಎಂಜಿನ್ ಪೂರ್ತಿ ತಣ್ಣಗಾಗ್ಬೇಕು. ಬೆಳಿಗ್ಗೆ ನೀವೂ ಬನ್ನಿ" ಎಂದರು.

ಬೆಳಿಗ್ಗೆ ಮೊದಲು ಡಿಪ್‌ಸ್ಟಿಕ್ ಎಳೆದು ನೋಡಿದರು. ಆಯಿಲ್ ಕಮ್ಮಿಯಾದರೂ ಟ್ಯಾಪೆಟ್ ಕಟಕಟ ಅನ್ನುತ್ತದೆ. ಆಯಿಲ್ ಸರಿಯಾಗಿತ್ತು. ಸ್ಟಾರ್ಟ್ ಮಾಡಿದರು. ಟಕ್ ಟಕ್ ಟಕ್. ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡು ತುದಿಯನ್ನು ಟ್ಯಾಪೆಟ್ ಕವರ್ ಮೇಲಿಟ್ಟರು. ಹಿಡಿಯನ್ನು ಕಿವಿ ಪಕ್ಕದ ಎಲುಬಿಗೆ ಒತ್ತಿ ಕಣ್ಣು ಮುಚ್ಚಿದರು. ತಿರುಗುವ ಬೆಲ್ಟಿನಿಂದ ತೋಳು ದೂರವೇ ಇತ್ತು. ಆಮೇಲೆ ನನಗೂ ಕೊಟ್ಟರು. ಒಳಗೆ ಹೊಲಿಗೆ ಮೆಷಿನ್ನಿನಂಥ ಒಂದೇ ಸಮನೆಯ ಸದ್ದು, ಅಷ್ಟೇ. ಅಂದರೆ ತಪ್ಪು ಟ್ಯಾಪೆಟ್‌ದಲ್ಲ.

ನಂತರ ಒಂದು ತುಂಡು ರಬ್ಬರ್ ಪೈಪ್ ಹುಡುಕಿದರು. ಒಂದು ತುದಿ ಕಿವಿಗೆ. ಇನ್ನೊಂದು ತುದಿಯನ್ನು ಎಂಜಿನ್ನಿನಿಂದ ಹೊಗೆ ಹೊರಗೊಯ್ಯುವ ಕೊಳವೆಯ, ಅಂದರೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಸುತ್ತ ನಿಧಾನವಾಗಿ ಆಡಿಸುತ್ತಾ ಹೋಗಿ ಒಂದು ಕಡೆ ನಿಲ್ಲಿಸಿದರು. ನಾನೂ ಕಿವಿಗೊಟ್ಟೆ. ಅದು ಟಕ್ ಅಲ್ಲ. ಪುಸ್, ಪುಸ್. ಗಾಳಿ! ಟಾರ್ಚ್ ಹಾಕಿದರೆ ಎಂಜಿನ್ನಿಗೂ ಆ ಕೊಳವೆಗೂ ನಡುವೆ ಇರುವ ಗ್ಯಾಸ್ಕೆಟ್ ಎಂಬ ಪದರದ ಸಂದಿನಿಂದ ಬೆಂಕಿಕಡ್ಡಿಯಷ್ಟು ಉದ್ದದ ಮಸಿಗೆರೆ ಹೊರಟಿತ್ತು.

ಎರಡೂ ಶಬ್ದ ಯಾಕೆ ಒಂದೇ ಥರ ಕೇಳುತ್ತವೆ ಅಂತ ಅವರೇ ಬಿಡಿಸಿ ಹೇಳಿದರು. ಎಂಜಿನ್ನಿನ ಮುಖ್ಯ ದಂಡ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ವಾಲ್ವ್ ತೆರೆಸುವ ದಂಡ ಕ್ಯಾಮ್ ಒಂದು ಸುತ್ತು. ಐಡಲಿಂಗ್‌ನಲ್ಲಿ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ, ಒಂದು ವಾಲ್ವ್ ತೆರೆಯುವುದು 400 ಸಲ. ಸಡಿಲವಾದ ಟ್ಯಾಪೆಟ್ ಬಡಿಯುವುದೂ ಅದೇ ಲಯಕ್ಕೆ, ಆ ಸಿಲಿಂಡರಿನ ಹೊಗೆ ಸಂದಿಯಲ್ಲಿ ನುಗ್ಗುವುದೂ ಅದೇ ಲಯಕ್ಕೆ. ತಾಳ ಒಂದೇ, ಬಾರಿಸುವವರು ಬೇರೆ.

ನಾಲ್ಕೈದು ನಿಮಿಷಕ್ಕೆ ಶಬ್ದ ನಿಂತಿತು. ಬಿಸಿಗೆ ಲೋಹ ಹಿಗ್ಗಿ ಸಂದು ಮುಚ್ಚಿಕೊಂಡಿತ್ತು. "ನೋಡಿ ಸರ್, ಈಗ ಬರೋದಿಲ್ಲ." ತಾನಾಗೇ ನಿಲ್ಲುತ್ತದಲ್ಲ ಅಂತ ಬಿಡುವ ಹಾಗೂ ಇಲ್ಲ. ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಕಾರಿನೊಳಗೆ ಸೇರಿಕೊಂಡರೆ ಜೀವಕ್ಕೇ ಅಪಾಯ. ಗ್ಯಾಸ್ಕೆಟ್ ಬದಲಾಯಿತು, ತುಂಡಾಗಿದ್ದ ಒಂದು ಸ್ಟಡ್ಡೂ (ಬಿಗಿಯುವ ಬೋಲ್ಟು) ಬದಲಾಯಿತು. ಹೆಡ್ ಇದ್ದಲ್ಲೇ ಇದೆ.

ನಾನು ಹೊರಡುವಾಗ ಅವರು ಇನ್ನೊಂದು ಮಾತು ಹೇಳಿದ್ದರು. ಕೆಳಗಿನಿಂದ ದಪ್ಪ ದನಿಯಲ್ಲಿ ಗುಡ್ ಗುಡ್ ಅಂತ ಬಡಿದರೆ, ಇಲ್ಲವೇ ಆಯಿಲ್ ಲೈಟ್ ಹತ್ತಿದರೆ, ಯಾವ ಪ್ರಶ್ನೆಯೂ ಬೇಡ, ಕೂಡಲೇ ಗಾಡಿ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಬೇರಿಂಗ್ ಹೋಗಿದ್ದರೆ ಮನೆ ತನಕ ಓಡಿಸುವುದರೊಳಗೆ ಎಂಜಿನ್ನೇ ಹೋಗುತ್ತದೆ.

ನಿನ್ನೆ ಸಂಜೆ ಅಮ್ಮ ಮಂಡಿ ನೀವಿಕೊಳ್ಳುತ್ತಾ ಕೂತಿದ್ದರು. ಎರಡು ವರ್ಷದ ನೋವು. ಯಾವಾಗ ನೋಯುತ್ತೆ ಅಂತ ಎಷ್ಟೋ ಸಲ ಕೇಳಿದ್ದೇನೆ. "ಯಾವಾಗ್ಲೂ" ಅನ್ನುತ್ತಿದ್ದರು, ಮಾತು ಅಲ್ಲಿಗೆ ಮುಗಿಯುತ್ತಿತ್ತು. ನಿನ್ನೆ ಸುಮ್ನೆ ಪಕ್ಕದಲ್ಲಿ ಕೂತು "ಅಮ್ಮಾ, ಯಾವಾಗ ನೋಯೋದಿಲ್ಲ?" ಎಂದೆ. ತುಂಬಾ ಹೊತ್ತು ಯೋಚಿಸಿದರು.

"ಮೆಟ್ಟಿಲು ಹತ್ತುವಾಗ ಏನೂ ಇಲ್ಲ ಕಣೋ. ಇಳಿಯುವಾಗ್ಲೇ."

ಇಷ್ಟು ದಿನ ನಾನು ಅವರ ಕೈ ಹಿಡಿಯುತ್ತಿದ್ದದ್ದು ಹತ್ತುವಾಗ.