ಮಕ್ಕಳ ವಾರ್ಡಿನ ಸಿಸ್ಟರ್‌ಗಳಿಗೆ

ಮಗಳ ಡೆಂಗಿ ಜ್ವರ ಬಿಟ್ಟಾಗ, ಗೆದ್ದೆವು ಅಂತ ತೀರ್ಥಹಳ್ಳಿಗೆ ಫೋನ್ ಮಾಡಿದ್ದೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಸಿಸ್ಟರ್ ಮಾತ್ರ ನಗಲಿಲ್ಲ. "ಜ್ವರ ಬಿಟ್ಟ ಮೇಲೇನೇ ಜಾಸ್ತಿ ಹುಷಾರಾಗಿರಬೇಕು ಅಕ್ಕಾ. ಹೊಟ್ಟೆನೋವು, ವಾಂತಿ ಅಂದ್ರೆ ತಕ್ಷಣ ಕರೀರಿ" ಅಂದರು. ಹಾಗೇ ಆಯಿತು. ರಾತ್ರಿ ಕೈಕಾಲು ತಣ್ಣಗಾಗಿ ಬಿಪಿ ಇಳಿಯಿತು, ಐಸಿಯುಗೆ ಸಾಗಿಸಿದರು. ನನಗೆ ಪ್ಲೇಟ್‌ಲೆಟ್ ಒಂದೇ ಚಿಂತೆ. (ಊರವರದ್ದು ಪಪ್ಪಾಯಿ ಎಲೆ ರಸದ ಚಿಂತೆ, ಬಿಡಿ!) ಸಿಸ್ಟರ್‌ಗಳೋ ಅವಳ ಉಗುರು ಒತ್ತಿ, ಕೆಂಪು ಎಷ್ಟು ಬೇಗ ಮರಳುತ್ತದೆ ಅಂತ ನೋಡುತ್ತಿದ್ದರು. ಎಷ್ಟು ಉಚ್ಚೆ ಹೋಯಿತು ಅಂತ ಅಳೆದು ಬರೆಯುತ್ತಿದ್ದರು. ಡ್ರಿಪ್ ಕಮ್ಮಿಯಾದರೂ ಕಷ್ಟ, ಜಾಸ್ತಿಯಾದರೂ ಕಷ್ಟವಂತೆ. ಬೆಳಗಿನ ಜಾವದವರೆಗೂ ಇದೇ ಕೆಲಸ, ಒಮ್ಮೆಯೂ ಸಿಡುಕಲಿಲ್ಲ. ಇಷ್ಟು ತಾಳ್ಮೆ ಹೆತ್ತವಳಾದ ನನಗೇ ಇಲ್ಲ. ಈಗ ಅವಳು ಗಂಜಿ ಬೇಡ, ಕಡುಬೇ ಬೇಕು ಅಂತ ಹಟ ಹಿಡಿದಿದ್ದಾಳೆ. ಚೆಕಪ್‌ಗೆ ಹೋಗುವಾಗ ಸಿಸ್ಟರ್‌ಗಳಿಗೂ ಒಂದು ಡಬ್ಬಿ ಒಯ್ಯಬೇಕು.