ಟನ್‌ಗೆ ನೆಟ್‌ಗ್ರಾಫ್ ನೋಡ್ ಯಾಕಿಲ್ಲ, ಬದಲಿಗೆ ಏನು ಮಾಡಬೇಕು

ಪುಣೆ, ಮುಂಬಯಿಯಲ್ಲಿ ಸರ್ವರ್ ನೋಡಿಕೊಳ್ಳುವ ನಮ್ಮವರು ಪದೇ ಪದೇ ಕೇಳುವ ಪ್ರಶ್ನೆಯಿದು: ಫ್ರೀಬಿಎಸ್‌ಡಿಯಲ್ಲಿ ಎನ್‌ಜಿ-ಈಥರ್ ಮಾಡ್ಯೂಲ್ ಲೋಡ್ ಆಗಿದೆ, ಆದರೂ ‘ಎನ್‌ಜಿಸಿಟಿಎಲ್ ಲಿಸ್ಟ್’ನಲ್ಲಿ ಟನ್0 ಯಾಕೆ ಕಾಣಿಸುತ್ತಿಲ್ಲ? ನೆಟ್‌ಗ್ರಾಫ್ ಎಂದರೆ ನೋಡ್ ಎಂಬ ತುಣುಕುಗಳನ್ನು ಹುಕ್ ಎಂಬ ಕೊಂಡಿಗಳಿಂದ ಜೋಡಿಸಿ ಪ್ಯಾಕೆಟ್ ಸಾಗಿಸುವ ಫ್ರೀಬಿಎಸ್‌ಡಿ ಕರ್ನಲ್‌ನ ವ್ಯವಸ್ಥೆ. ಅದನ್ನು ನಡೆಸುವ ಕಮಾಂಡ್ ಎನ್‌ಜಿಸಿಟಿಎಲ್. ಟನ್ ಎಂದರೆ ವಿಪಿಎನ್ ಪ್ರೋಗ್ರಾಮ್‌ಗಳು ಬಳಸುವ, ಸಾಫ್ಟ್‌ವೇರ್‌ನಲ್ಲೇ ಇರುವ ನೆಟ್‌ವರ್ಕ್ ಇಂಟರ್ಫೇಸ್. ಎನ್‌ಜಿ-ಈಥರ್ ನೋಡ್ ಕೊಡುವುದು ಈಥರ್ನೆಟ್ ಇಂಟರ್ಫೇಸ್‌ಗಳಿಗೆ ಮಾತ್ರ. ಟನ್‌ನಲ್ಲಿ ಹರಿಯುವುದು ಬರಿಯ ಐಪಿ ಪ್ಯಾಕೆಟ್, ಮ್ಯಾಕ್ ವಿಳಾಸವೇ ಇಲ್ಲ. ಫ್ರೀಬಿಎಸ್‌ಡಿ 13.0ರಿಂದ ಟನ್ ಮತ್ತು ಈಥರ್ನೆಟ್ ಫ್ರೇಮ್ ಸಾಗಿಸುವ ಟ್ಯಾಪ್ ಎರಡೂ ಒಂದೇ ಡ್ರೈವರ್‌ಗೆ ಸೇರಿದರೂ ಈ ವ್ಯತ್ಯಾಸ ಹಾಗೇ ಉಳಿದಿದೆ. ಇಲ್ಲದ ಮಾಡ್ಯೂಲ್ ಹುಡುಕುತ್ತಾ ಕೂರಬೇಡಿ.

ವಿಪಿಎನ್ ಪ್ರೋಗ್ರಾಮ್ ಟ್ಯಾಪ್ ಮೋಡ್‌ನಲ್ಲಿ ಓಡುವುದಾದರೆ ಕೆಲಸ ಸುಲಭ. ಟ್ಯಾಪ್0 ಹುಟ್ಟಿದ ಕೂಡಲೇ ಅದೇ ಹೆಸರಿನ ನೋಡ್ ಬರುತ್ತದೆ. ‘ಲೋವರ್’ ಹುಕ್ ಪ್ರೋಗ್ರಾಮ್ ಕಡೆಗೆ, ‘ಅಪ್ಪರ್’ ಹುಕ್ ಕರ್ನಲ್‌ನ ಸ್ಟ್ಯಾಕ್ ಕಡೆಗೆ. ಟ್ಯಾಪ್0, ಇಎಮ್0 (ಯಂತ್ರದ ನಿಜವಾದ ನೆಟ್‌ವರ್ಕ್ ಕಾರ್ಡ್) ಎರಡರ ಎರಡೂ ಹುಕ್‌ಗಳನ್ನು, ಸ್ವಿಚ್‌ನಂತೆ ಕೆಲಸ ಮಾಡುವ ಎನ್‌ಜಿ-ಬ್ರಿಡ್ಜ್ ನೋಡ್‌ನ ಲಿಂಕ್0ರಿಂದ ಲಿಂಕ್3ರವರೆಗೆ ಸಿಕ್ಕಿಸಿ. ಕೋಥ್ರೂಡ್‌ನ ಮನೆಯಿಂದ ಎಸ್‌ಎಸ್‌ಎಚ್ ಮಾಡಿ ಹಿಂಜವಡಿಯ ಯಂತ್ರದಲ್ಲಿ ಇದನ್ನು ಒಂದೊಂದೇ ಕಮಾಂಡ್ ಆಗಿ ಕೊಡಲೇಬೇಡಿ. ಇಎಮ್0ನ ಲೋವರ್ ಸೇರಿ ಅಪ್ಪರ್ ಇನ್ನೂ ಸೇರದ ಆ ಘಳಿಗೆಯಲ್ಲೇ ನಿಮ್ಮ ಸಂಪರ್ಕ ಕಡಿದುಹೋಗುತ್ತದೆ. ಎಲ್ಲವನ್ನೂ ಒಂದು ಫೈಲ್‌ಗೆ ಬರೆದು, ಎನ್‌ಜಿಸಿಟಿಎಲ್‌ಗೆ ಮೈನಸ್ ಎಫ್ ಆಯ್ಕೆಯೊಂದಿಗೆ ಕೊಡಿ.

ಅದೇ ಫೈಲ್‌ನಲ್ಲಿ ಇಎಮ್0ಗೆ ಎರಡು ಮೆಸೇಜ್ ಇರಲಿ: ಸೆಟ್‌ಪ್ರಾಮಿಸ್ಕ್ 1, ಸೆಟ್‌ಆಟೊಸೋರ್ಸ್ 0. ಮೊದಲನೆಯದು ಇಲ್ಲದಿದ್ದರೆ ಬೇರೆ ಮ್ಯಾಕ್‌ಗೆ ಬಂದ ಫ್ರೇಮ್‌ಗಳನ್ನು ಕಾರ್ಡ್ ಬಾಗಿಲಲ್ಲೇ ಬಿಸಾಕುತ್ತದೆ. ಎರಡನೆಯದು ಇಲ್ಲದಿದ್ದರೆ ಆಚೆಯ ಯಂತ್ರದ ಫ್ರೇಮ್‌ಗಳೂ ಇಎಮ್0 ಮ್ಯಾಕ್ ಹೊತ್ತು ಹೊರಡುತ್ತವೆ, ಸ್ವಿಚ್‌ಗೆ ಯಾರು ಎಲ್ಲಿದ್ದಾರೆಂದು ತಿಳಿಯುವುದಿಲ್ಲ. ಇಎಮ್0ನಲ್ಲಿ ಟಿಎಕ್ಸ್‌ಸಿಸಮ್ (ಚೆಕ್‌ಸಮ್ ಲೆಕ್ಕವನ್ನು ಕಾರ್ಡ್‌ಗೆ ಬಿಡುವುದು), ಟಿಎಸ್ಒ (ದೊಡ್ಡ ಟಿಸಿಪಿ ತುಂಡನ್ನು ಒಡೆಯುವ ಕೆಲಸವನ್ನು ಕಾರ್ಡ್‌ಗೆ ಬಿಡುವುದು) ಎರಡನ್ನೂ ಆಫ್ ಮಾಡಿ. ಹಾರ್ಡ್‌ವೇರ್ ತುಂಬಬೇಕಿದ್ದ ಚೆಕ್‌ಸಮ್ ಖಾಲಿಯಾಗಿಯೇ ಟ್ಯಾಪ್‌ಗೆ ಹೋದರೆ ಆಚೆ ಬದಿ ಪ್ಯಾಕೆಟನ್ನು ಸದ್ದಿಲ್ಲದೆ ಎಸೆಯುತ್ತದೆ. ಇಎಮ್0.100 ತರಹದ ವಿಎಲ್ಯಾನ್ ಇಂಟರ್ಫೇಸ್ ಇದ್ದರೆ ಹೆಸರಿನ ಚುಕ್ಕೆ ನೋಡ್‌ನ ಹೆಸರಿನಲ್ಲಿ ಅಂಡರ್‌ಸ್ಕೋರ್ ಆಗಿರುತ್ತದೆ.

ಬೇಕಿರುವುದು ಬರಿಯ ಐಪಿ ಟನಲ್ ಆದರೆ ಟನ್ ಬಿಟ್ಟೇಬಿಡಿ ಎನ್ನುವುದು ನನ್ನ ಸಲಹೆ. ನೆಟ್‌ಗ್ರಾಫ್‌ನದೇ ಐಪಿ ಇಂಟರ್ಫೇಸ್ ಕೊಡುವ ಎನ್‌ಜಿ-ಐಫೇಸ್‌ಗೆ ಕರ್ನಲ್ ಒಳಗಿನ ಸಾಕೆಟ್ ಆದ ಎನ್‌ಜಿ-ಕೆಸಾಕೆಟ್ ಜೋಡಿಸಿದರೆ ಪ್ಯಾಕೆಟ್ ಕರ್ನಲ್ ಬಿಟ್ಟು ಹೊರಬರುವುದೇ ಇಲ್ಲ. ಎನ್‌ಜಿಸಿಟಿಎಲ್‌ಗೆ ‘ಎಮ್‌ಕೆಪೀರ್ ಐಫೇಸ್ ಡಮ್ಮಿ ಐನೆಟ್’ ಕೊಟ್ಟರೆ ಎನ್‌ಜಿ0 ಎಂಬ ಇಂಟರ್ಫೇಸ್ ಹುಟ್ಟುತ್ತದೆ. ಎನ್‌ಜಿಸಿಟಿಎಲ್ ಮುಗಿದಾಗ ಐನೆಟ್ ಹುಕ್ ತೆರವಾಗುತ್ತದೆ, ಎನ್‌ಜಿ0 ಮಾತ್ರ ಉಳಿಯುತ್ತದೆ. ಹಾಗಾಗಿ ಇಲ್ಲಿ ಎರಡು ಕಮಾಂಡ್‌ಗಳನ್ನು ಬೇರೆ ಬೇರೆಯಾಗಿಯೇ ಓಡಿಸಬೇಕು. ಎರಡನೆಯದರಲ್ಲಿ ಆ ಖಾಲಿ ಹುಕ್‌ಗೆ ಕೆಸಾಕೆಟ್, ಅದರ ಕಡೆಯ ಹುಕ್ ಹೆಸರು ‘ಐನೆಟ್/ಡಿಗ್ರಾಮ್/ಯುಡಿಪಿ’. ಬಳಿಕ ನಮ್ಮ ಕಡೆಯ ವಿಳಾಸ, ಪೋರ್ಟ್‌ಗೆ ಬೈಂಡ್, ಆಚೆ ತುದಿಯದಕ್ಕೆ ಕನೆಕ್ಟ್, ಕೊನೆಗೆ ಎನ್‌ಜಿ0ಗೆ ಐಪಿ ವಿಳಾಸ ಕೊಡಲು ಐಎಫ್‌ಕಾನ್ಫಿಗ್.

ಎನ್‌ಜಿ0ನ ಎಮ್‌ಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1500 ಬೈಟ್ ಇರುತ್ತದೆ. ಹೊರಗಿನ ಐಪಿ, ಯುಡಿಪಿ ಹೆಡರ್ ಸೇರಿ 28 ಬೈಟ್. ಆದ್ದರಿಂದ 1472ಕ್ಕೆ ಇಳಿಸಿ, ಮನೆಯ ಫೈಬರ್ ಪಿಪಿಪಿಒಇ (ಲಾಗಿನ್ ಬೇಡುವ ಸಂಪರ್ಕ, ಇನ್ನೂ 8 ಬೈಟ್ ತಿನ್ನುತ್ತದೆ) ಮೇಲಿದ್ದರೆ 1464ಕ್ಕೆ. ಕನೆಕ್ಟ್ ಆದ ಸಾಕೆಟ್ ಆ ಒಂದು ವಿಳಾಸ, ಪೋರ್ಟ್‌ನಿಂದ ಬಂದದ್ದನ್ನು ಮಾತ್ರ ಒಳಗೆ ಬಿಡುತ್ತದೆ, ನಡುವಿನ ನ್ಯಾಟ್ (ವಿಳಾಸ ಬದಲಿಸುವ ರೂಟರ್) ಪೋರ್ಟ್ ಬದಲಿಸಿದರೆ ಟನಲ್ ಒಂದೇ ದಿಕ್ಕಿಗೆ ಓಡುತ್ತದೆ. ಇದರಲ್ಲಿ ಗೂಢಲಿಪಿ (ಎನ್‌ಕ್ರಿಪ್ಶನ್) ಏನೂ ಇಲ್ಲ, ಅದು ಬೇಕಿದ್ದರೆ ಐಪಿಸೆಕ್ ಬೇರೆಯಾಗಿ ಹಾಕಬೇಕು. ಡೀಫಾಲ್ಟ್ ರೂಟನ್ನು ಎನ್‌ಜಿ0 ಕಡೆ ತಿರುಗಿಸುವ ಮುನ್ನ ಆಚೆ ತುದಿಯ ನಿಜವಾದ ವಿಳಾಸಕ್ಕೆ ಹಳೆಯ ಗೇಟ್‌ವೇ ಮೂಲಕ ಒಂದು /32 ರೂಟ್ (ಆ ಒಂದೇ ವಿಳಾಸದ್ದು) ಸೇರಿಸಿ, ಇಲ್ಲವಾದರೆ ಟನಲ್‌ನ ಪ್ಯಾಕೆಟ್‌ಗಳೇ ಮತ್ತೆ ಟನಲ್‌ಗೆ ನುಗ್ಗುತ್ತವೆ.