ನಮ್ಮ 4800 ಸರ್

ಸರ್ ತೀರಿಕೊಂಡ ಸುದ್ದಿ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಂದದ್ದು ಎರಡೇ ಪದಗಳಲ್ಲಿ: '4800 ಹೋದರು.' ಯಾರು ಅಂತ ಒಬ್ಬರೂ ಕೇಳಲಿಲ್ಲ.

ಕಮ್ಯುನಿಕೇಶನ್ ಲ್ಯಾಬಿನಲ್ಲಿ ಜಿಪಿಎಸ್ ರಿಸೀವರನ್ನು ಕಂಪ್ಯೂಟರಿಗೆ ಜೋಡಿಸುವ ಪ್ರಯೋಗ ಒಂದಿತ್ತು. ಸರ್ ಬಾಗಿಲಿಗೆ ಅಡ್ಡ ನಿಂತು 'ಬಾಡ್ ರೇಟ್ ಎಷ್ಟು?' ಅನ್ನುವರು. ಅಂದರೆ, ತಂತಿಯಲ್ಲಿ ಸೆಕೆಂಡಿಗೆ ಎಷ್ಟು ಬಿಟ್ ಹೋಗುತ್ತವೆ ಅಂತ. '4800, ಎಂಟು ಡೇಟಾ ಬಿಟ್, ಪ್ಯಾರಿಟಿ ಇಲ್ಲ, ಒಂದು ಸ್ಟಾಪ್ ಬಿಟ್' ಅಂದವರಿಗೆ ಮಾತ್ರ ಒಳಗೆ ಜಾಗ. ಉಳಿದ ಸಿಲೆಬಸ್ ಎಲ್ಲಿ ಹೋಯಿತೋ! ಫೋರಿಯರ್ ಸರಣಿಯ ಮಾತು ಬಂದರೆ ನಾನು ಈಗಲೂ ವಿಷಯ ಬದಲಿಸುತ್ತೇನೆ.

4800 ಯಾಕೆ ಅಂತ ಹೇಳಲು ಅವರು ನಮ್ಮನ್ನು ಬಂದರಿನ ದಕ್ಕೆಗೇ ಕರೆದುಕೊಂಡು ಹೋದರು. ಮಂಗಳೂರಿನ ಬೆಂಗ್ರೆಯ ಸಹಪಾಠಿಯೊಬ್ಬನ ಮನೆಯವರ ಟ್ರಾಲ್ ಬೋಟು ಅಲ್ಲಿ ಐಸ್ ತುಂಬಿಸಿಕೊಳ್ಳುತ್ತಿತ್ತು. ಜಿಪಿಎಸ್ ಕಳಿಸುವ ಸಾಲುಗಳ ನಿಯಮಕ್ಕೆ ಎನ್‌ಎಂಇಎ 0183 ಅಂತ ಹೆಸರು. 1983ರಲ್ಲಿ ಅಮೆರಿಕದ ಸಾಗರ ಎಲೆಕ್ಟ್ರಾನಿಕ್ಸ್ ಸಂಘ ಅದನ್ನು ಮಾಡಿದ್ದೇ ದೋಣಿ, ಹಡಗುಗಳ ಸಾಧನಗಳಿಗಾಗಿ. 'ಬೋಟಿಗೆ ಎಂಥ ಅವಸರ ಮಾರಾಯ? ಸೆಕೆಂಡಿಗೊಮ್ಮೆ ಎಲ್ಲಿದ್ದೇನೆ ಅಂತ ಹೇಳಿದರೆ ಸಾಲದಾ? ಅಷ್ಟಕ್ಕೆ 4800 ಧಾರಾಳ.' ಅಂದರು ಸರ್. ಅಷ್ಟರಲ್ಲಿ ಬೋಟು ನಡೆಸುವ ತಾಂಡೇಲರು ಜಿಪಿಎಸ್ಸಿನ ಗುಂಡಿ ಒತ್ತಿ, ಬಲೆ ಹರಿಯುವ ಕಲ್ಲುಗಳ ಜಾಗವನ್ನೆಲ್ಲ ಒಂದೊಂದಾಗಿ ತೋರಿಸತೊಡಗಿದರು. ಸರ್ ನಮಗಿಂತ ಮುಂದೆ ನುಗ್ಗಿ, ಬೆಂಚಿನ ಹುಡುಗನ ಹಾಗೆ ಬರೆದುಕೊಂಡರು.

ಅದು 2000ನೇ ಇಸವಿ. ನಾಗರಿಕರ ಜಿಪಿಎಸ್ಸಿಗೆ ಅಮೆರಿಕ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಆ ಮೇ ತಿಂಗಳಲ್ಲಷ್ಟೇ ನಿಲ್ಲಿಸಿತ್ತು. ಸ್ಕ್ರೀನಿನಲ್ಲಿ ನೂರು ಮೀಟರಿನಷ್ಟು ಅಲೆಯುತ್ತಿದ್ದ ಲ್ಯಾಬು ಒಮ್ಮೆಲೇ ತನ್ನ ಜಾಗದಲ್ಲಿ ಕೂತದ್ದು ನಮಗೇಕೋ ಸಪ್ಪೆ ಅನ್ನಿಸಿತು. ಅದನ್ನು ಸಮುದ್ರಕ್ಕೆ ತಳ್ಳೋಣ ಅಂತ ತೀರ್ಮಾನವಾಯಿತು.

ಪಾರ್ಟಿಶನ್ ಹಿಂದಿನ ಕಂಪ್ಯೂಟರಿನಿಂದ ಸುಳ್ಳು ಸಾಲು ಕಳಿಸಬೇಕು. ಅದಕ್ಕೆ ಎರಡನೇ ಮತ್ತು ಮೂರನೇ ಪಿನ್ ಅದಲುಬದಲಾದ ಕೇಬಲ್ ಬೇಕು. ಅಟೆಂಡರ್ ಅಣ್ಣ 'ಎಂತಕ್ಕೆ?' ಅಂತ ಕೂಡ ಕೇಳದೆ ಬೆಸುಗೆ ಹಾಕಿಕೊಟ್ಟರು. ರೇಖಾಂಶ 74 ಡಿಗ್ರಿ 50 ನಿಮಿಷ ಇದ್ದದ್ದನ್ನು 74 ಡಿಗ್ರಿ 20 ನಿಮಿಷ ಮಾಡಿದೆವು. ಲ್ಯಾಬು ಐವತ್ತು ಕಿಲೋಮೀಟರಿಗೂ ಆಚೆ, ಅರಬ್ಬೀ ಸಮುದ್ರದಲ್ಲಿ! ಡಾಲರ್ ಚಿಹ್ನೆಗೂ ನಕ್ಷತ್ರ ಚಿಹ್ನೆಗೂ ನಡುವಿನ ಅಕ್ಷರಗಳನ್ನೆಲ್ಲ ಎಕ್ಸ್‌ಓಆರ್ ಮಾಡಿ (ಬಿಟ್‌ಗೆ ಬಿಟ್ ಹೋಲಿಸಿ), ಸಾಲು ದಾರಿಯಲ್ಲಿ ಕೆಟ್ಟಿಲ್ಲ ಅಂತ ತೋರಿಸುವ ಚೆಕ್‌ಸಮ್ ಕಟ್ಟುವ ಸಿ ಪ್ರೋಗ್ರಾಂ ನನ್ನದು. ಬೇರೆಯವರದು ಅಂತ ಗುಂಪಿನಲ್ಲಿ ಈಗ ಕೆಲವರು ವಾದಿಸುವುದುಂಟು. ಇರಲಿ.

ಸರ್ ಬಂದು, ಬಂದ ಸಾಲುಗಳನ್ನು ತೋರಿಸುವ ಹೈಪರ್‌ಟರ್ಮಿನಲ್ ಪ್ರೋಗ್ರಾಂ ನೋಡಿದರು. ಚೆಕ್‌ಸಮ್ ಸರಿ, ಸ್ಥಾನ ನಂಬಬಹುದು ಅನ್ನುವ 'ಎ' ಅಕ್ಷರವೂ ಸರಿ. ಕನ್ನಡಕ ಏರಿಸಿ ಗೋಡೆ ನೋಡಿದರು, ಪುನಃ ಸ್ಕ್ರೀನ್ ನೋಡಿದರು. 'ಎಂಥ ಮಾರಾಯ, ಉಪಗ್ರಹಕ್ಕೆ ಈ ಗೋಡೆ ಗಡಿಯಾರ ಕೊಟ್ಟದ್ದು ಯಾರು?' ಸಾಲಿನ ಸಮಯ 114000 ಅಂತಿತ್ತು. ಜಿಪಿಎಸ್ ಸಾಲಿನಲ್ಲಿ ಬರುವುದು ಯುಟಿಸಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯ. ನಮ್ಮ ಹನ್ನೊಂದು ನಲ್ವತ್ತು ಅಲ್ಲಿ 061000 ಆಗಬೇಕು. ಆ ಭಾಗ ಬರೆದವನು ನಾನಲ್ಲ ಅಂತ ದಾಖಲೆಗೆ ಹೇಳಿಬಿಡುತ್ತೇನೆ. ಬೈಗುಳ ಬೀಳಲಿಲ್ಲ. ಸಂಜೆಯವರೆಗೆ ಬೋರ್ಡಿನ ಮೇಲೆ ಚೆಕ್‌ಸಮ್ಮನ್ನು ಕೈಯಲ್ಲೇ ಲೆಕ್ಕ ಮಾಡಿಸಿ, ಆಮೇಲೆ ಕ್ಯಾಂಟೀನಿನಲ್ಲಿ ಎಲ್ಲರಿಗೂ ಗೋಳಿಬಜೆ ಕೊಡಿಸಿದರು.

ಇವತ್ತು ಕೊಲ್ಲಿಯ ಯಾರ್ಡಿನಲ್ಲಿ ಹಡಗಿನ ನ್ಯಾವಿಗೇಶನ್ ಸಾಧನಗಳಿಗೆ ನನ್ನ ಸಹಿ ಬೀಳದೆ ಲಂಗರು ಏಳುವುದಿಲ್ಲ. ಉಪನ್ಯಾಸಕ್ಕೆ ಕಾಲೇಜಿಗೆ ಬಂದಾಗ, ರಿಸೀವರಿನ ಹಸಿ ಸಾಲುಗಳನ್ನು ತೋರಿಸಿ ಅಂದೆ. 'ಲೈಬ್ರರಿ ಉಂಟಲ್ಲ ಸರ್, ಸೀದಾ ಮ್ಯಾಪೇ ಬರ್ತದೆ' ಅಂದರು ಮಕ್ಕಳು. ಲೈಬ್ರರಿ ಅಂದರೆ ಸಾಲುಗಳನ್ನು ತಾನೇ ಓದಿಕೊಡುವ ಸಿದ್ಧ ಪ್ರೋಗ್ರಾಂ. ಅವರನ್ನು ದೂರಿ ಏನು? ಲ್ಯಾಪ್‌ಟಾಪಿನಲ್ಲಿ ಆ ಕೇಬಲ್ ಚುಚ್ಚುವ ಒಂಬತ್ತು ಪಿನ್ನಿನ ಪೋರ್ಟೇ ಇಲ್ಲ, ಸಣ್ಣ ಮಾಡ್ಯೂಲುಗಳು ಹೆಚ್ಚಾಗಿ 9600ರಲ್ಲಿ ಮಾತಾಡುತ್ತವೆ. ಆದರೂ ಪರದೆಯ ನೀಲಿ ಚುಕ್ಕಿ ಸುಳ್ಳು ಹೇಳಿದ ದಿನ ಇವರು ಎಲ್ಲಿಂದ ಹುಡುಕಲು ಶುರುಮಾಡುತ್ತಾರೆ?

ಸರ್ ಹೆಸರಿನಲ್ಲಿ ಲ್ಯಾಬಿಗೆ ಕೆಲವು ರಿಸೀವರ್ ಕೊಡಲು ನಮ್ಮ ಬ್ಯಾಚ್ ಒಪ್ಪಿದೆ. ಷರತ್ತು ಒಂದೇ: ಮೊದಲನೇ ತರಗತಿಯಲ್ಲಿ ಲೈಬ್ರರಿ ಮುಟ್ಟುವ ಹಾಗಿಲ್ಲ. ಪ್ರಾಂಶುಪಾಲರು ಯೋಚಿಸಿ ಹೇಳುತ್ತೇನೆ ಅಂದಿದ್ದಾರೆ.